ಹಾಲು ಹಾಕಿದ ಒಂದೇ ಉಂಡೆ

ಬೆಳಗಿನ ಹತ್ತು ಗಂಟೆಗೆ ಸುಭದ್ರಾಬಾಯಿ ಒಲೆಯ ಮುಂದೆ ಎಲ್ಲವನ್ನೂ ಹೊಂದಿಸಿಕೊಂಡು ಕೂತಳು. ಅರ್ಧ ಸೇರು ಸಣ್ಣ ರವೆ, ರೇಶನ್ನಿನ ಸಕ್ಕರೆ ಒಂದು ಬಟ್ಟಲು, ಪಕ್ಕದ ಮನೆಯ ಮುನವ್ವರ ಬೇಗಂ ಕುಪ್ಪಿಯ ತಳ ಕೆರೆದು ಕೊಟ್ಟ ಮೂರು ಚಮಚ ತುಪ್ಪ, ನಾಲ್ಕು ಯಾಲಕ್ಕಿ, ಮೂಲೆಯಲ್ಲಿ ಒಂದು ಕೊಡ ನೀರು. ಇವುಗಳ ಜೊತೆಗೆ ಒಂದು ಸುಳ್ಳನ್ನೂ ನಿನ್ನೆಯಿಂದಲೇ ಮನಸ್ಸಿನಲ್ಲಿ ನೆನೆಹಾಕಿ ಇಟ್ಟಿದ್ದಳು. ಮಧ್ಯಾಹ್ನದೊಳಗೆ ಉಂಡೆಯೂ ಆಗಬೇಕು, ಸುಳ್ಳೂ ಹದಕ್ಕೆ ಬರಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಮಗಳು ಕಾಂತಾ ಸಂಜೆ ನಾಲ್ಕರ ಲಾರಿ ಹತ್ತಿ ಹೋಗಿಬಿಡುತ್ತಾಳೆ.

ಕಾಂತಾಳಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲು ಬಸಿರು.

ಅದು ಎಪ್ಪತ್ತೆರಡನೆಯ ಇಸವಿಯ ಬರ. ಭಾಲ್ಕಿಯ ಬಾವಿಗಳು ತಳ ಕಂಡು, ಮನೆಗೊಂದು ಕೊಡ ಎಂದು ಸರದಿ ಬಿದ್ದಿತ್ತು. ಔರಾದ ಕಡೆಯ ಹಳ್ಳಿಗಳ ಪಾಡು ಇನ್ನೂ ಕೆಟ್ಟದ್ದು. ದೀಪಾವಳಿ ಮುಗಿದದ್ದೇ ತಡ, ಅರ್ಧರ್ಧ ಊರು ಸಾಂಗ್ಲಿ ಕಡೆಗೆ ಕಬ್ಬು ಕಡಿಯಲು ಹೊರಟಿತ್ತು. ನದಿ ನೀರಿನ ಸೀಮೆ, ಅಲ್ಲಿ ಕಬ್ಬಿಗೆ ಬರವಿಲ್ಲ. ಆದರೆ ಆ ಕೆಲಸಕ್ಕೆ ಆಳುಗಳನ್ನು ಕೂಡಿಸುವ ಮುಕಾದಮ ಒಂಟಿ ಆಳನ್ನು ಕರೆಯುವುದಿಲ್ಲ, ಜೋಡಿಯನ್ನೇ ಕರೆಯುತ್ತಾನೆ. ಒಬ್ಬರು ಕೊಯ್ತಾ ಹಿಡಿದು ಕಬ್ಬು ಕಡಿಯಬೇಕು, ಇನ್ನೊಬ್ಬರು ಹಿಂದಿನಿಂದ ಅದನ್ನು ಮೋಳಿ ಕಟ್ಟಿ, ಹೊರೆಯನ್ನು ತಲೆಯ ಮೇಲೆ ಹೊತ್ತು ಗಾಡಿಗೆ ಹಾಕಬೇಕು. ಜೋಡಿ ಮುರಿದರೆ ಕೆಲಸವಿಲ್ಲ. ಅಳಿಯ ಮಚ್ಛೇಂದ್ರನ ಜೋಡಿ ಎಂದರೆ ಕಾಂತಾ. ಕಡಿತ ಮುಗಿಯುವುದು ಯುಗಾದಿಗೆ, ಕಾಂತಾಳ ದಿನ ತುಂಬುವುದು ಇನ್ನು ನಾಲ್ಕು ವಾರಕ್ಕೆ. ಎಲ್ಲಿ ಹೆರುತ್ತಾಳೆ, ಯಾರು ಹಿಡಿಯುತ್ತಾರೆ ಎಂದು ಕೇಳಿದರೆ, ಕಬ್ಬಿನ ಒಣಗರಿಯ ರವದಿಯೇ ಹಾಸಿಗೆ, ದೇವರೇ ಸೂಲಗಿತ್ತಿ. ಬರಗಾಲದಲ್ಲಿ ಅಧಿಕಮಾಸ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಎಲ್ಲ ಕಡೆಯೂ ಇದ್ದದ್ದೇ. ಸುಭದ್ರಾಬಾಯಿಯ ಬಳಗದಲ್ಲಿ ಮಾತ್ರ ಅದಕ್ಕೊಂದು ಕಟ್ಟುಪಾಡಿತ್ತು. ಕುಬಸದ, ಅಂದರೆ ಸೀಮಂತದ, ಹೊತ್ತಿಗೆ ತವರಿನವರು ಒಂದು ಸಿಹಿ ಮಾಡಿ ಮುಂದಿಡಬೇಕು, ಅತ್ತೆಯಾದವಳು ಅದನ್ನು ತಿನ್ನಬೇಕು. ಇದಕ್ಕೆ ಬಾಯಿ ಸಿಹಿ ಎಂದು ಹೆಸರು. ಅತ್ತೆ ಒಂದು ತುಣುಕು ನುಂಗಿದಳೆಂದರೆ ಸೊಸೆಯನ್ನು ಕಳಿಸಿಕೊಟ್ಟ ಹಾಗೆ. ಆಮೇಲೆ ಬ್ರಹ್ಮ ಬಂದರೂ ಮಾತು ತಿರುಗಿಸುವಂತಿಲ್ಲ. ನುಂಗಲಿಲ್ಲವೋ, ಸೊಸೆ ಅವಳ ಮನೆಯವಳು, ಅವಳು ಹೇಳಿದ ಕಡೆ ಹೋಗತಕ್ಕವಳು. ಸಿಹಿ ನುಂಗಿ ಮಾತು ಉಗುಳಿದವಳು ಎನ್ನಿಸಿಕೊಂಡು ಆ ಬಳಗದಲ್ಲಿ ಬಾಳುವುದು ಯಾವ ಹೆಂಗಸಿಗೂ ಸಾಧ್ಯವಿರಲಿಲ್ಲ.

ಕಾಂತಾಳ ಅತ್ತೆ ಗಿರಿಜಾಬಾಯಿ ಈ ಕಟ್ಟುಪಾಡನ್ನೆಲ್ಲ ಅರೆದು ಕುಡಿದವಳು. ದಸರೆಗೆ ಸುಭದ್ರಾಬಾಯಿಯ ಗಂಡ ಕಾಶೀರಾಮ ಔರಾದಿನ ಆಚೆಯ ಅವಳ ಹಳ್ಳಿಗೆ ಹೋಗಿ ಕೈಮುಗಿದು ಕೇಳಿದ್ದ. ಅವನು ಬೀದರದ ಗಾಂಧಿ ಗಂಜಿನಲ್ಲಿ ಮೂಟೆ ಹೊರುವ ಹಮಾಲ, ಮಾತು ಕಡಿಮೆ. “ಜೋಡಿ ಮುರೀತದ್ರಿ ಅಣ್ಣಾರ” ಎಂದು ಗಿರಿಜಾಬಾಯಿ ಬರಿಚಹಾ ಕೊಟ್ಟು ಕಳಿಸಿದಳು. ದೀಪಾವಳಿಗೆ ಸುಭದ್ರಾಬಾಯಿ ಹೇಗೋ ಹೊಂದಿಸಿ ನಾಲ್ಕು ಕರ್ಜಿಕಾಯಿ ಮಾಡಿ ಬಸ್ಸಿನವರ ಕೈಯಲ್ಲಿ ಕಳಿಸಿದಳು. ಡಬ್ಬಿ ಬಿಚ್ಚದೆ ವಾಪಸು ಬಂತು. “ನನಗ ಹಲ್ಲಿಲ್ಲ, ಕಡ್ಯಾಕ ಬರೂದಿಲ್ಲ” ಎಂದು ಜೊತೆಗೊಂದು ಮಾತೂ ಬಂತು. ಹಲ್ಲಿಲ್ಲ ಎನ್ನುವುದು ನಿಜ. ಆದರೆ ಆ ಹಲ್ಲಿಲ್ಲದ ಬಾಯಿ ದಿನಕ್ಕೆರಡು ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಮುಗಿಸುತ್ತದೆ ಎಂದು ಕಾಂತಾಳೇ ಹೇಳಿದ್ದಳಲ್ಲ!

ಇವತ್ತು ಕೊನೆಯ ದಿನ. ಕಡಿತಕ್ಕೆ ಹೋಗುವವರ ಲಾರಿ ಭಾಲ್ಕಿಯಿಂದಲೇ ಹೊರಡುವುದು. ಮಗ ಸೊಸೆಯನ್ನು ಲಾರಿ ಹತ್ತಿಸಲು ಗಿರಿಜಾಬಾಯಿಯೂ ಬರುತ್ತಾಳೆ, ಮಧ್ಯಾಹ್ನದ ಊಟ ಸುಭದ್ರಾಬಾಯಿಯ ಮನೆಯಲ್ಲಿ, ಲಾರಿ ಹೋದ ಮೇಲೆ ಅವಳು ತನ್ನ ಹಳ್ಳಿಯ ಮನೆ ಕಾಯಲು ಬಸ್ಸು ಹಿಡಿಯುತ್ತಾಳೆ. ಸುಭದ್ರಾಬಾಯಿಯ ಹಂಚಿಕೆ ಸರಳವಾಗಿತ್ತು. ಕುಬಸದ ಸುದ್ದಿಯನ್ನೇ ಎತ್ತಬಾರದು. ದಾರಿಯ ಬುತ್ತಿಗೆಂದು ರವೆಯ ಉಂಡೆ ಮಾಡಿದ್ದೇನೆ, ಹದ ಸರಿ ಇದೆಯೇ ನೋಡಿರಿ ಎಂದು ಒಂದನ್ನು ಬೀಗತಿಯ ಕೈಗಿಡಬೇಕು. ಅವಳು ನುಂಗಬೇಕು. ನುಂಗಿದ ಕೂಡಲೇ, ಸಾಕ್ಷಿಗೆ ಮುನವ್ವರ ಬೇಗಂ ಇರುವಾಗ, ಬಾಯಿ ಸಿಹಿ ಆಯಿತು ಎಂದುಬಿಡಬೇಕು.

“ಖರೆ ಹೇಳ್ತೇನಿ ಸುಭದ್ರಾಬಾಯಿ, ಇದು ಧೋಕಾ ಅದ ನೋಡ್ರಿ,” ಎಂದಳು ಮುನವ್ವರ ಬೇಗಂ, ಹೊಸ್ತಿಲಲ್ಲಿ ಕೂತು ಯಾಲಕ್ಕಿ ಸುಲಿಯುತ್ತ.

“ಧೋಕಾನೇ ಅದ. ಹಂಗಾದ್ರ ನನ್ನ ಮಗಳು ಹೊಲದಾಗ ಹಡೀಬೇಕೇನ್ರಿ?”

“ನಾ ಬ್ಯಾಡ ಅಂದೇನೇನು? ಧೋಕಾ ಅದ ಅಂದೆ, ಅಷ್ಟೇ. ತುಪ್ಪ ಕೊಟ್ಟಾಕಿ ನಾನೇ ಅಲ್ಲಾ.”

ಸುಭದ್ರಾಬಾಯಿ ಕಡಾಯಿಗೆ ತುಪ್ಪ ಹಾಕಿ ರವೆ ಸುರಿದಳು. ಈ ರವೆ ಕಾಶೀರಾಮ ಗಂಜಿನಿಂದ ಕಳಿಸಿದ್ದು. ಗಂಜಿಗೆ ಮಾಲೇ ಬಾರದ ವರ್ಷದಲ್ಲಿ ಅವನು ಅದನ್ನು ಎಲ್ಲಿಂದ ತಂದನೋ ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದಳು. ರವೆ ಮೊದಲು ಒದ್ದೆ ಮಣ್ಣಿನ ಹಾಗೆ ಮುದ್ದೆಗಟ್ಟಿತು, ಆಮೇಲೆ ಬಿಡಿಬಿಡಿಯಾಯಿತು, ಆಮೇಲೆ ಘಮ ಎದ್ದಿತು. ಎಷ್ಟು ತಿಂಗಳಾಗಿತ್ತೋ ಆ ಓಣಿಯಲ್ಲಿ ಇಂಥ ಘಮ ಎದ್ದು! ಎದುರು ಮನೆಯವರು ಬಾಗಿಲಿಗೆ ಬಂದು ಮೂಗರಳಿಸಿ ನಿಂತರು. ಸುಭದ್ರಾಬಾಯಿ ತಲೆಯೆತ್ತಲಿಲ್ಲ. ಬಣ್ಣ ತಿರುಗುವ ಮೊದಲೇ ಕಡಾಯಿ ಇಳಿಸಬೇಕು, ಒಂದು ಉಸಿರು ತಡವಾದರೂ ಕರಕು. ಅಷ್ಟನ್ನು ಸರಿಯಾಗಿ ಮಾಡಿದಳು.

ಇನ್ನು ಪಾಕ. ದಾರಿಗೆ ಒಯ್ಯುವ ಉಂಡೆಗೆ ಹಾಲು ಹಾಕುವಂತಿಲ್ಲ, ಮರುದಿನಕ್ಕೇ ಹಳಸುತ್ತದೆ. ಸಕ್ಕರೆ ಪಾಕದಲ್ಲಿ ಕಟ್ಟಿದ್ದು ಹದಿನೈದು ದಿನ ಕೆಡುವುದಿಲ್ಲ. ಇದು ಅಡುಗೆ ಬಲ್ಲ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ, ಗಿರಿಜಾಬಾಯಿಗೂ ಗೊತ್ತು. ಪಾಕ ಒಂದೆಳೆಗೆ ಇಳಿಸಿದರೆ ಉಂಡೆ ಬಾಯಲ್ಲಿಟ್ಟರೆ ಕರಗುತ್ತದೆ, ಹಲ್ಲೇ ಬೇಡ. ಎರಡೆಳೆ ದಾಟಿತೋ, ಗೋಲಿಗುಂಡು.

ಕಷ್ಟವೆಂದರೆ ಬೆಂಕಿ. ದನಗಳು ಸಂತೆಯ ಪಾಲಾದ ಊರಿನಲ್ಲಿ ಕುಳ್ಳು ಎಲ್ಲಿಂದ ಬರಬೇಕು? ಇದ್ದದ್ದು ಹೋದ ವರ್ಷದ ತೊಗರಿ ಕಟ್ಟಿಗೆ. ಅದರ ಗುಣ ಸಿಟ್ಟಿನವರ ಗುಣ, ಭಗ್ಗೆಂದು ಹತ್ತುತ್ತದೆ, ಕ್ಷಣದಲ್ಲಿ ಆರುತ್ತದೆ. ಸುಭದ್ರಾಬಾಯಿ ಒಂದೊಂದೇ ಕಡ್ಡಿ ಇಟ್ಟು ಉರಿಯನ್ನು ಅಂಕೆಯಲ್ಲಿಟ್ಟುಕೊಂಡು, ಸಕ್ಕರೆಗೆ ಕೊಡದಿಂದ ಅರ್ಧ ಗ್ಲಾಸು ನೀರು ಹಾಕಿ ಕೂತಳು. ಪಾಕ ಕುದಿಯಿತು. ಬೆರಳಿಗೆ ಹಚ್ಚಿ ನೋಡಿದಳು, ಇನ್ನೂ ಎಳೆ ಬಂದಿರಲಿಲ್ಲ. ಉರಿ ಸಣ್ಣಗಾದಂತೆ ಕಂಡು ಒಂದು ಹಿಡಿ ಕಡ್ಡಿ ತುರುಕಿದಳು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನು ಕೇಳಿಸಿತು.

“ಔರಾದ ಬಸ್ಸೇನು ಇದು?” ಎಂದು ಸುಭದ್ರಾಬಾಯಿ ಎದ್ದೇಬಿಟ್ಟಳು. ಬೀಗತಿ ಈಗಲೇ ಬಂದರೆ, ಅವಳ ಕಣ್ಣೆದುರೇ ಉಂಡೆ ಕಟ್ಟಿದರೆ, ಎಲ್ಲ ಬಯಲಾಗುತ್ತದೆ. ಓಣಿಯ ತುದಿಯವರೆಗೆ ಓಡಿ ನೋಡಿದಳು. ಬೀದರದಿಂದ ಬಂದ ಬಸ್ಸು. ಪುಣ್ಯಾತ್ಮರು ಯಾರ್ಯಾರೋ ಇಳಿದರು, ತನ್ನವರಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದು ತನ್ನನ್ನೇ ಬೈದುಕೊಂಡು ವಾಪಸು ಬಂದರೆ, ತೊಗರಿ ಕಡ್ಡಿ ಒಲೆಯಾಚೆ ನಾಲಗೆ ಚಾಚಿತ್ತು, ಪಾಕ ದಪ್ಪ ದಪ್ಪ ಗುಳ್ಳೆ ಏಳಿಸಿ ಲೊಟಲೊಟ ಕುದಿಯುತ್ತಿತ್ತು. ಬೆರಳಿಗೆ ಹಚ್ಚಿದಳು. ಒಂದೆಳೆಯಲ್ಲ, ಎರಡೆಳೆಯಲ್ಲ, ಎಳೆದಷ್ಟೂ ಬಂತು.

“ಯಾ ಅಲ್ಲಾ,” ಎಂದಳು ಮುನವ್ವರ ಬೇಗಂ. “ನಾ ಯಾಲಕ್ಕಿ ಕುಟ್ಟಾಕ ಒಳಗ ಹೋಗಿದ್ದೆ. ಇಳಸ್ರಿ, ಇಳಸ್ರಿ ಲಗೂನ.”

ಬೇರೆ ಸಕ್ಕರೆ ಇರಲಿಲ್ಲ. ಸುಭದ್ರಾಬಾಯಿ ರವೆಯನ್ನು ಪಾಕಕ್ಕೆ ಸುರಿದು ತಿರುವಿದಳು, ತಿರುವುತ್ತಿರುವಾಗಲೇ ಅದು ಸೌಟನ್ನು ಕಚ್ಚಿಕೊಂಡಿತು. ಆರಲು ಬಿಟ್ಟರೆ ಕಟ್ಟಲು ಬರುವುದಿಲ್ಲ, ಬಿಡದಿದ್ದರೆ ಕೈ ಸುಡುತ್ತದೆ. ಸುಡಲಿ ಎಂದು ಕಟ್ಟಿದಳು. ಅಂಗೈ ಕೆಂಡವಾಯಿತು, ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಹತ್ತು ಉಂಡೆಯಾದವು. ನೋಡಲು ಬೆಳ್ಳಗೆ, ದುಂಡಗೆ, ಅಂಗಡಿಯವನೂ ನಾಚಬೇಕು. ಒಂದನ್ನು ತಾಟಿಗೆ ಇಟ್ಟರೆ ಠಣ್ ಎಂದಿತು.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಗಾದೆ ಸುಭದ್ರಾಬಾಯಿಯ ತಲೆಯಲ್ಲಿ ಸುಳಿದು ಹೋಯಿತು, ನಗು ಮಾತ್ರ ಬರಲಿಲ್ಲ. ಗಿರಿಜಾಬಾಯಿಯ ಬಾಯಿಗೆ ಇಂಥದ್ದನ್ನು ಕೊಟ್ಟರೆ, ಹಲ್ಲಿಲ್ಲ ಎನ್ನುವ ನೆಪವನ್ನು ತಾನೇ ತಾಟಿನಲ್ಲಿಟ್ಟು ಕೊಟ್ಟ ಹಾಗೆ. ಅವಳು ಒಲೆಯ ಮುಂದೆ ಕುಸಿದು ಕೂತಳು. ಇಪ್ಪತ್ತು ವರ್ಷ ಉಂಡೆ ಕಟ್ಟಿದ ಕೈ ಇವತ್ತೇ ಕೈಕೊಡಬೇಕೇ ಎಂದು ಅವಳಿಗೆ ತನ್ನ ಮೇಲೆ ಕೆಟ್ಟ ಸಿಟ್ಟು ಬಂತು.

“ಕುಂತು ಏನ್ ಮಾಡ್ತೀರಿ?” ಎಂದು ಮುನವ್ವರ ಬೇಗಂ ಎದ್ದಳು. “ನನ್ನ ಮೇಕಿ ಅದಲ್ಲ, ಹಿಂಡಿ ನೋಡ್ತೇನಿ.”

ಮೇಕೆಯೂ ಬರಗಾಲದ ಮೇಕೆಯೇ. ಬೇಗಂ ಹಿಂಡಿ ತಂದದ್ದು ಬಟ್ಟಲಿನ ತಳ ಮುಚ್ಚುವಷ್ಟು ಹಾಲು. ಅದರಲ್ಲಿ ಹತ್ತು ಉಂಡೆ ಮೆತ್ತಗಾಗುವ ಮಾತಿಲ್ಲ, ಒಂದು ಆದೀತು. ಸುಭದ್ರಾಬಾಯಿ ಒಂದು ಉಂಡೆಯನ್ನು ಒರಳಿಗೆ ಹಾಕಿ ಕುಟ್ಟಿ ಪುಡಿ ಮಾಡಿದಳು, ಬಿಸಿ ಹಾಲನ್ನು ಹನಿಹನಿಯಾಗಿ ಚಿಮುಕಿಸಿ ನಾದಿದಳು, ಮತ್ತೆ ಕಟ್ಟಿದಳು. ಬೆರಳು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ ಬಂತು. ಗಾತ್ರ, ಬಣ್ಣ ಎಲ್ಲ ಉಳಿದವುಗಳ ಹಾಗೇ. ಒಂಬತ್ತನ್ನು ತಾಟಿನಲ್ಲಿ ಜೋಡಿಸಿ, ಮೆತ್ತಗಿನದನ್ನು ಅಂಚಿನಲ್ಲಿ ಒಂಟಿಯಾಗಿ ಇಟ್ಟಳು. ತಾಟಿನ ಆ ಅಂಚು ಯಾರ ಕಡೆ ತಿರುಗಬೇಕು ಎನ್ನುವುದೊಂದೇ ಇನ್ನುಳಿದ ಕೆಲಸ.

ಹನ್ನೆರಡೂವರೆಗೆ ಅವರು ಬಂದರು. ಮುಂದೆ ಮಚ್ಛೇಂದ್ರ, ಹೆಗಲ ಮೇಲೆ ಗೋಣಿ ಚೀಲ, ಚೀಲದಿಂದ ಕೊಯ್ತಾದ ಹಿಡಿ ಇಣುಕುತ್ತಿತ್ತು. ಹಿಂದೆ ಗಿರಿಜಾಬಾಯಿ, ಐವತ್ತೈದು ದಾಟಿದ ಸೊರಗಿದ ಮೈ, ನೆಟ್ಟಗಿನ ಬೆನ್ನು, ಸೊಂಟದಲ್ಲಿ ಮನೆಯ ಕೀಲಿ. ಅವಳ ಹಿಂದೆ ಕಾಂತಾ. ಮಗಳನ್ನು ಕಂಡ ಕೂಡಲೇ ಸುಭದ್ರಾಬಾಯಿಯ ಕಣ್ಣು ಹೋದದ್ದು ಅವಳ ಹೊಟ್ಟೆಗಲ್ಲ, ಪಾದಗಳಿಗೆ. ಬಾತು ಚಪ್ಪಲಿಯಲ್ಲಿ ಹಿಡಿಸದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದಿದ್ದಳು.

“ಅವ್ವಾ,” ಎಂದವಳು ಗೋಡೆ ಹಿಡಿದು ಮೆಲ್ಲಗೆ ಕೂತಳು. ಅವಳಿಗೆ ತಾಯಿಯ ಹಂಚಿಕೆ ಗೊತ್ತಿರಲಿಲ್ಲ. ಹೇಳಿದ್ದರೆ ಅವಳ ಮುಖವೇ ಎಲ್ಲ ಒದರಿಬಿಡುತ್ತಿತ್ತು, ಹುಟ್ಟಿದಾಗಿನಿಂದ ಅಂಥ ಮುಖ ಅದು.

ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ, ನೀರು ನೀರಾದ ಬೇಳೆ. ಕೊಡದಲ್ಲಿ ಉಳಿದ ನೀರನ್ನು ಸುಭದ್ರಾಬಾಯಿ ಗ್ಲಾಸಿಗೆ ಅಳೆದು ಅಳೆದು ಕೊಟ್ಟಳು. ಗಿರಿಜಾಬಾಯಿ ಬೇಳೆಯಲ್ಲಿ ರೊಟ್ಟಿ ಮುರಿದು ನೆನೆಸಿ ಸಾವಕಾಶವಾಗಿ ಉಂಡಳು. ಉಣ್ಣುತ್ತ ಗೋಡೆ, ಒಲೆ, ಒರಳು ಎಲ್ಲವನ್ನೂ ನೋಡಿದಳು. ಹೊಸ್ತಿಲಲ್ಲಿ ಕೂತ ಮುನವ್ವರ ಬೇಗಂಳನ್ನೂ ನೋಡಿದಳು. ಗಂಟೆ ಎರಡಾಯಿತು.

ಸುಭದ್ರಾಬಾಯಿ ತಾಟನ್ನು ತಂದು ಇಟ್ಟಳು. ಅಂಚಿನ ಒಂಟಿ ಉಂಡೆ ಸರಿಯಾಗಿ ಗಿರಿಜಾಬಾಯಿಯ ಮುಂದೆ.

“ದಾರಿ ಬುತ್ತಿಗಿ ಅಂತ ನಾಕು ರವಾ ಉಂಡಿ ಮಾಡೇನ್ರಿ ಅಕ್ಕಾರ. ಹದ ಹ್ಯಾಂಗ ಅದ ಜರಾ ನೋಡ್ರಿ,” ಎಂದಳು.

ಗಿರಿಜಾಬಾಯಿ ಕೈಚಾಚುವ ಮೊದಲು ಮಚ್ಛೇಂದ್ರ ಕೈಚಾಚಿದ. ಹಸಿದ ಹುಡುಗ, ಸಿಹಿ ಕಾಣದೆ ಎಷ್ಟು ದಿನವಾಗಿತ್ತೋ. ಅವನ ಕೈ ನೇರ ಅಂಚಿನ ಒಂಟಿ ಉಂಡೆಗೇ ಹೋಯಿತು.

“ಅಯ್ಯ, ಅದು ಬ್ಯಾಡ ಅಳಿಯಂದ್ರ, ಸಣ್ಣದದ ಅದು. ನೀವು ಇದು ತಗೋರಿ, ದೊಡ್ಡದು,” ಎಂದು ಸುಭದ್ರಾಬಾಯಿ ರಾಶಿಯಿಂದ ಒಂದನ್ನೆತ್ತಿ ಅವನ ಅಂಗೈಯಲ್ಲಿ ಒತ್ತಿದಳು.

ಮಚ್ಛೇಂದ್ರ ಕಚ್ಚಿದ. ಹಲ್ಲು ಜಾರಿತು. ದವಡೆಗೆ ತಳ್ಳಿ ಮತ್ತೆ ಕಡಿದ, ಕಟ್ ಎಂದು ಮನೆಗೆಲ್ಲ ಕೇಳಿಸಿತು. “ಗಟ್ಟಿ ಅದ ಅತ್ತಿ, ಆದರ ಭಾಳ ರುಚಿ ಅದ,” ಎಂದ ಪಾಪ, ಕಣ್ಣಲ್ಲಿ ನೀರು ತಂದುಕೊಂಡು.

“ದಾರಿ ಉಂಡಿ ಗಟ್ಟೇ ಇರಬೇಕು,” ಎಂದಳು ಗಿರಿಜಾಬಾಯಿ. ಒಂಟಿ ಉಂಡೆಯನ್ನು ಎತ್ತಿಕೊಂಡಳು. ಮೂಗಿನ ಹತ್ತಿರ ಹಿಡಿದಳು. ಸುಭದ್ರಾಬಾಯಿ ಸೆರಗಿನಲ್ಲಿ ಸುಟ್ಟ ಅಂಗೈ ಮುಚ್ಚಿಕೊಂಡು ನಿಂತಳು. ಇನ್ನೇನು, ಬಾಯಿಗೆ ಗೇಣು ಅಂತರ. ನುಂಗವ್ವ, ನುಂಗು ತಾಯಿ, ಹಾಳಾಗಿ ಹೋಗಲಿ ನನ್ನ ಮಾನ, ಒಂದು ತುಣುಕು ನುಂಗು ಎಂದು ಒಳಗೊಳಗೇ ಬೇಡಿಕೊಂಡಳು.

ಗಿರಿಜಾಬಾಯಿ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಗುರುತು ಬಿತ್ತು. ತಾಟಿನಿಂದ ಇನ್ನೊಂದನ್ನೆತ್ತಿ ಒತ್ತಿದಳು. ಬೀಳಲಿಲ್ಲ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬೀಗತಿಯ ಮುಖ ನೋಡಿದಳು.

“ಸುಭದ್ರಾಬಾಯಿ, ಇದರಾಗ ಹಾಲು ಹಾಕೀರಿ.”

ಮಚ್ಛೇಂದ್ರ ಕಡಿಯುವುದನ್ನು ನಿಲ್ಲಿಸಿದ.

“ಹಾಲು ಹಾಕಿದ್ದು ನಾಳಿಗಿ ಹಳಸ್ತದ. ದಾರಿಗಿ ಅಂದೀರಿ. ದಾರಿಗಿ ಹಾಲಿನ ಉಂಡಿ ಯಾರರ ಕಟ್ತಾರೇನ್ರಿ? ಇದು ಲಾರಿ ಹತ್ತೋ ಉಂಡಿ ಅಲ್ಲ. ಇಲ್ಲೇ, ಈ ಮನ್ಯಾಗ, ಹಲ್ಲಿಲ್ಲದಾಕಿ ತಿನ್ನಲಿ ಅಂತ ಮಾಡಿದ ಉಂಡಿ.” ಅವಳು ಹೊಸ್ತಿಲ ಕಡೆ ತಿರುಗಿದಳು. “ಈ ಬಾಯಾರು ಸಾಕ್ಷಿಗಿ ಕುಂತಾರೇನು?”

ಮುನವ್ವರ ಬೇಗಂ ಸೆರಗು ತಲೆಯ ಮೇಲೆಳೆದುಕೊಂಡು ಓಣಿಯ ಕಡೆ ನೋಡಿದಳು.

ಇನ್ನು ಮುಚ್ಚುವುದು ಏನೂ ಉಳಿದಿರಲಿಲ್ಲ. ನಾಚಿಕೆಯಿಂದ ಸುಭದ್ರಾಬಾಯಿಯ ಕಿವಿ ಸುಟ್ಟಿತು, ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು. “ಹೌದ್ರಿ. ಬಾಯಿ ಸಿಹಿ ಉಂಡಿನೇ ಅದು. ಮೋಸ ಮಾಡ್ಲಿಕ್ಕೇ ಮಾಡೇನಿ. ಆಕಿ ಕಾಲ ನೋಡ್ರಿ ಅಕ್ಕಾರ! ಆ ಕಾಲ ಮ್ಯಾಲ ಹೊರಿ ಹೊರಸ್ತೀರಾ? ನಿಮಗ ಕರುಳು ಇಲ್ಲೇನು?”

“ಅವ್ವಾ, ಸುಮ್ನಿರು,” ಎಂದು ಕಾಂತಾ ಅಳತೊಡಗಿದಳು.

ಗಿರಿಜಾಬಾಯಿ ದನಿ ಏರಿಸಲಿಲ್ಲ. “ಕರುಳ ಅದ. ಹೊಟ್ಟೀನೂ ಅದ ನೋಡ್ರಿ. ಜೋಡಿ ಇಲ್ಲಂದ್ರ ಮುಕಾದಮ ಇವನ್ನ ಲಾರಿ ಹತ್ತಗೊಡೂದಿಲ್ಲ. ಇವ ಹೋಗಲಿಲ್ಲ ಅಂದ್ರ ಮನ್ಯಾಗ ಕಾಳಿಲ್ಲ. ಈಕಿ ಹಡದು ಏನು ತಿಂದು ಹಾಲು ಕುಡಸ್ತಾಳ? ನೀವು ಎಷ್ಟು ದಿನ ಹಾಕ್ತೀರಿ? ನಿಮ್ಮ ಕೊಡದಾಗಿನ ನೀರು ನಾ ನೋಡೇನಿ.”

ಬೀಗತಿ ಕೆಟ್ಟವಳು ಎಂದು ಸುಭದ್ರಾಬಾಯಿ ಎರಡು ತಿಂಗಳಿಂದ ಗಟ್ಟಿಮಾಡಿಕೊಂಡಿದ್ದಳು. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಮೂರು ಗಂಟೆಯಾಗಿತ್ತು. ದೂರದಲ್ಲಿ ಲಾರಿಯ ಹಾರ್ನು ಒಂದು ಸಲ ಕೂಗಿ ಜನರನ್ನು ಕರೆಯಿತು. ಮಚ್ಛೇಂದ್ರ ಅರ್ಧ ಉಂಡೆಯನ್ನು ಕೈಯಲ್ಲೇ ಹಿಡಿದು ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡುತ್ತ ಕೂತಿದ್ದ.

ಗಿರಿಜಾಬಾಯಿಯ ಕಣ್ಣು ಕೈಯಲ್ಲಿದ್ದ ಎರಡು ಉಂಡೆಗಳ ಮೇಲೇ ಇತ್ತು. ಅವಳು, ಯಾರಿಗೂ ಅಲ್ಲ ಎನ್ನುವ ಹಾಗೆ, ಹೇಳಿದಳು: “ನನ್ನ ಅವ್ವನೂ ಬಾಯಿ ಸಿಹಿ ತಂದಿದ್ದಳು. ನಿಜಾಮನ ಕಾಲದಾಗ, ಬರದಾಗೇ. ನಮ್ಮ ಅತ್ತಿ ಬಾಯಿ ತೆರೀಲಿಲ್ಲ. ರಸ್ತಾದ ಕೆಲಸಕ್ಕ ಹೋದೆ, ಜಲ್ಲಿ ಹೊತ್ತೆ. ಮಚ್ಛೇಂದ್ರಗಿಂತ ಮುಂಚೆ ಒಂದು ಕೂಸಿತ್ತು.”

ಮಚ್ಛೇಂದ್ರ ಕತ್ತೆತ್ತಿದ. ಅವನಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದು ಅವನ ಮುಖವೇ ಹೇಳಿತು.

ಅವಳು ಮೆಲ್ಲಗೆ ಎದ್ದಳು. ಕಾಂತಾಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಹಾಲಿನ ಉಂಡೆಯನ್ನು ಸೊಸೆಯ ಕೈಯಲ್ಲಿಟ್ಟಳು. “ಇದು ನೀ ತಿನ್ನು. ಮನ್ಯಾಗ ಇರಾಕಿ ತಿನ್ನೋ ಉಂಡಿ ಇದು,” ಎಂದಳು. ಆಮೇಲೆ ಗಟ್ಟಿಯದನ್ನು, ಠಣ್ ಎನ್ನುವ ಆ ಗೋಲಿಗುಂಡನ್ನು, ಇಡಿಯಾಗಿ ತನ್ನ ಬಾಯಿಗೆ ಹಾಕಿಕೊಂಡಳು.

ಸುಭದ್ರಾಬಾಯಿಗೆ ಮೊದಲು ಹೊಳೆದದ್ದು ಒಂದೇ: ತಿಂದಳು! ಬಾಯಿ ಸಿಹಿ ಆಯಿತು, ಮಗಳು ಉಳಿದಳು! ಮುನವ್ವರ ಬೇಗಂ ಹೊಸ್ತಿಲಲ್ಲಿ ಜೋರಾಗಿ ಉಸಿರುಬಿಟ್ಟಳು. ಆದರೆ ಮಚ್ಛೇಂದ್ರ ಎದ್ದು ನಿಂತಿದ್ದ.

“ಯವ್ವಾ, ಜೋಡಿಗಿ? ಜೋಡಿಗಿ ಯಾರು ಬರ್ತಾರ?”

ಗಿರಿಜಾಬಾಯಿ ಉಂಡೆಯನ್ನು ಒಂದು ಗಲ್ಲಕ್ಕೆ ತಳ್ಳಿಕೊಂಡು, ಸಿಹಿ ಎಂಜಲು ನುಂಗಿ, ತೊದಲುತ್ತ ಹೇಳಿದಳು. “ನಾ ಬರ್ತೇನಿ. ಮೋಳಿ ಕಟ್ಟಾಕ ಹಲ್ಲು ಬೇಕೇನೋ?”

ಆಗ ಸುಭದ್ರಾಬಾಯಿಗೆ ಪೂರ್ತಿ ಅರ್ಥವಾಯಿತು. ಲಾರಿ ಹತ್ತುವ ಉಂಡೆ ಯಾವುದು, ಮನೆಯಲ್ಲಿ ಉಳಿಯುವ ಉಂಡೆ ಯಾವುದು ಎಂದು ಬೀಗತಿ ಆಗಲೇ ಹೇಳಿದ್ದಳು. ಯಾವುದು ಯಾರ ಬಾಯಿಗೆ ಎಂದು ಈಗ ಮಾಡಿ ತೋರಿಸಿದ್ದಳು. “ಅಕ್ಕಾರ, ಬ್ಯಾಡ್ರಿ, ನಿಮ್ಮ ಕೈಲೆ ಆಗೂದಿಲ್ಲ. ನಾ ಬೇಕಾದ್ರ...” ಎಂದವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಅತ್ತೆ ಅಳಿಯನ ಜೊತೆ ಜೋಡಿಯಾಗಿ ಕಬ್ಬಿನ ಹೊಲಕ್ಕೆ ಹೋಗುವುದೂ ಆಗದ ಮಾತು, ಹೆರುವ ಮಗಳನ್ನು ಬಿಟ್ಟು ಹೋಗುವುದೂ ಆಗದ ಮಾತು. ಗಿರಿಜಾಬಾಯಿ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದಳು. ಸೊಂಟದ ಕೀಲಿ ಬಿಚ್ಚಿ ಕಾಂತಾಳ ಸೆರಗಿನ ತುದಿಗೆ ಕಟ್ಟಿ ಬಿಗಿಯಾಗಿ ಗಂಟು ಹಾಕಿದಳು. ಕಾಂತಾ ಅತ್ತೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ಕೈಯನ್ನು ಬೆರಳು ಬೆರಳಾಗಿ ಬಿಡಿಸಬೇಕಾಯಿತು.

ಉಳಿದ ಏಳು ಉಂಡೆಗಳಲ್ಲಿ ಒಂದನ್ನೂ ಇಟ್ಟುಕೊಳ್ಳದೆ ಸುಭದ್ರಾಬಾಯಿ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದಳು. ಸುಟ್ಟ ಕೈಯಿಂದ ಗಂಟು ಸರಿಯಾಗಿ ಬೀಳಲಿಲ್ಲ, ಮುನವ್ವರ ಬೇಗಂ ಹಾಕಿಕೊಟ್ಟಳು.

ಲಾರಿಯ ಹತ್ತಿರ ಮುಕಾದಮ ಗೋರಖನಾಥ ಒಂದೊಂದೇ ಜೋಡಿಯ ಹೆಸರು ಕೂಗಿ ಹತ್ತಿಸುತ್ತಿದ್ದ. ಮಚ್ಛೇಂದ್ರನ ಸರದಿ ಬಂದಾಗ ಅವನ ಹಿಂದೆ ನಿಂತ ಮುದುಕಿಯನ್ನು ಕಂಡು ಹುಬ್ಬು ಗಂಟಿಕ್ಕಿದ.

“ಹೆಂಡ್ತಿ ಎಲ್ಲಿ?”

“ತವರಮನಿಗಿ ಕಳಿಸೇವ್ರಿ. ನಮ್ಮವ್ವ ಬರ್ತಾಳ.”

“ಈ ಮುದುಕಿ ಹೊರಿ ಹೊರ್ತದೇನು? ಏನ್ ಬಾಯಿ, ಆಗ್ತದೇನು ನಿನ್ನ ಕೈಲೆ?”

ಗಿರಿಜಾಬಾಯಿಯ ಬಾಯಿ ತುಂಬಿತ್ತು, ಮಾತು ಬರುವಂತಿರಲಿಲ್ಲ. ಎರಡೂ ಅಂಗೈಗಳನ್ನು ಅವನ ಮುಂದೆ ಚಾಚಿದಳು. ಒಂದು ಕಾಲದಲ್ಲಿ ಜಲ್ಲಿ ಹೊತ್ತ, ಆಮೇಲೆ ಮೂವತ್ತು ವರ್ಷ ಕುಡುಗೋಲು ಹಿಡಿದ ಕೈಗಳು. ಗೋರಖನಾಥ ಅವನ್ನು ತಿರುಗಿಸಿ ನೋಡಿ, ಮುಖ ನೋಡದೆ, ಹತ್ತು ಎಂದು ಕತ್ತು ಆಡಿಸಿದ.

ಮಚ್ಛೇಂದ್ರ ಮೇಲಿನಿಂದ ಕೈಕೊಟ್ಟು ತಾಯಿಯನ್ನು ಎಳೆದುಕೊಂಡ. ಸುಭದ್ರಾಬಾಯಿ ಗಂಟನ್ನು ಎತ್ತಿ ಕೊಟ್ಟಳು. ನನ್ನದು ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದಳು, ಹೊರಬಿದ್ದದ್ದು ಬೇರೆಯೇ.

“ಗಟ್ಟಿ ಆಗ್ಯಾವ ಅಕ್ಕಾ. ನೀರಾಗ ನೆನಸಿ ತಿನ್ರಿ.”

ಗಿರಿಜಾಬಾಯಿ ತಲೆಯಾಡಿಸಿದಳು. ಬಗ್ಗಿ, ಸುಟ್ಟು ಕೆಂಪಾದ ಆ ಅಂಗೈಯನ್ನು ಒಮ್ಮೆ ಸವರಿ, ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಲಾರಿ ಹೊರಟಿತು. ಅಂದುಕೊಂಡದ್ದೆಲ್ಲ ಆಗಿತ್ತು, ಮಗಳು ಮನೆಯಲ್ಲಿದ್ದಳು. ಆದರೂ ಗೆದ್ದವಳ ಹಾಗೆ ಮನೆಯ ಕಡೆ ತಿರುಗಲು ಸುಭದ್ರಾಬಾಯಿಯ ಕಾಲು ಏಳಲಿಲ್ಲ. ಲಾರಿ ಹುಮನಾಬಾದ ರಸ್ತೆಗೆ ತಿರುಗುವಾಗ ಬೀಗತಿಯ ಮುಖ ಇನ್ನೊಮ್ಮೆ ಕಾಣಿಸಿತು. ಉಂಡೆ ಕರಗಿರಲಿಲ್ಲ, ಎಡಗಲ್ಲ ಇನ್ನೂ ಉಬ್ಬಿಕೊಂಡೇ ಇತ್ತು.